ಭೂಮೇಲ್ಮೈ ರೆಂಡರಿಂಗ್

ಭೂಮೇಲ್ಮೈ ರೆಂಡರಿಂಗ್ ಎಂದರೆ ಬೆಟ್ಟ, ಕಣಿವೆ, ಬಯಲುಗಳನ್ನು ಗಣಕದ ಪರದೆಯ ಮೇಲೆ ಮೂರು ಆಯಾಮಗಳಲ್ಲಿ ಚಿತ್ರಿಸುವ ವಿಧಾನ. ವಿಡಿಯೊ ಆಟಗಳು, ವಿಮಾನ ಚಾಲನೆಯ ಸಿಮ್ಯುಲೇಟರ್‌ಗಳು ಹಾಗೂ ಭೂಪಟ ತಂತ್ರಾಂಶಗಳಲ್ಲಿ ಇದು ಬಳಕೆಯಲ್ಲಿದೆ. ಮೇಲ್ಮೈಯನ್ನು ಪಾಲಿಗಾನ್‌ಗಳಿಂದ, ಸಾಮಾನ್ಯವಾಗಿ ತ್ರಿಕೋನಗಳಿಂದ, ಹೆಣೆಯಲಾಗುತ್ತದೆ. ಆಟವು ಸೆಕೆಂಡಿಗೆ 60 ಚೌಕಟ್ಟುಗಳ ವೇಗದಲ್ಲಿ ಸಾಗಬೇಕಾದರೆ ಪ್ರತಿ ಚೌಕಟ್ಟೂ ಸುಮಾರು 16.7 ಮಿಲಿಸೆಕೆಂಡುಗಳಲ್ಲಿ ಸಿದ್ಧವಾಗಬೇಕು. ತ್ರಿಕೋನಗಳು ಮಿತಿಮೀರಿದರೆ ಚಿತ್ರ ತಡವರಿಸುತ್ತದೆ. ಕಡಿಮೆ ಸಾಮರ್ಥ್ಯದ ಮೊಬೈಲ್‌ಗಳಲ್ಲಿ ಈ ತೊಂದರೆ ಹೆಚ್ಚು. ಆದುದರಿಂದ ಕಣ್ಣಿಗೆ ಅಗತ್ಯವಿರುವೆಡೆ ಮಾತ್ರ ತ್ರಿಕೋನಗಳನ್ನು ಬಳಸುವುದು ಇದರ ಮುಖ್ಯ ತತ್ತ್ವವಾಗಿದೆ.

ಎತ್ತರದ ಮಾಹಿತಿ

ನೈಜ ಪ್ರದೇಶಗಳ ಎತ್ತರವನ್ನು ಉಪಗ್ರಹ ಮತ್ತು ರಾಡಾರ್ ಸಮೀಕ್ಷೆಗಳಿಂದ ಪಡೆಯಲಾಗುತ್ತದೆ. 2000ರ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆಯು ರಾಡಾರ್ ಮೂಲಕ ಇಂತಹ ಸಮೀಕ್ಷೆ ನಡೆಸಿತು. 2005ರಲ್ಲಿ ಉಡಾವಣೆಗೊಂಡ ಭಾರತದ ಕಾರ್ಟೊಸ್ಯಾಟ್-1 ಉಪಗ್ರಹವು ಎರಡು ಕ್ಯಾಮೆರಾಗಳಿಂದ ಈ ಮಾಹಿತಿಯನ್ನು ಒದಗಿಸಿತು. 30 ಮೀಟರಿಗೊಂದರಂತೆ 1,025 × 1,025 ಬಿಂದುಗಳನ್ನು ತೆಗೆದುಕೊಂಡರೆ ಸುಮಾರು 30.7 ಕಿ.ಮೀ. ಬದಿಯ ಚೌಕ ದೊರೆಯುತ್ತದೆ. ಅದನ್ನು ಪೂರ್ಣವಾಗಿ ಹೆಣೆಯಲು 20,97,152 ತ್ರಿಕೋನಗಳು ಬೇಕು. ಬಿಂದುಗಳ ಅಂತರವನ್ನು ಇಮ್ಮಡಿಗೊಳಿಸಿದರೆ ಈ ಸಂಖ್ಯೆ ಕಾಲು ಭಾಗಕ್ಕೆ, ಅಂದರೆ 5,24,288ಕ್ಕೆ ಇಳಿಯುತ್ತದೆ.

ಉದಾಹರಣೆ

ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ ತಾಲೂಕಿನ ಪೊಳಲಿಯು ಫಲ್ಗುಣಿ ನದಿಯ ದಡದಲ್ಲಿದೆ. ಜಾತ್ರೆಯ ಚೆಂಡಾಟ ನಡೆಯುವ ಅಲ್ಲಿನ ಗದ್ದೆಯಂತಹ ಸಮತಟ್ಟು ನೆಲಕ್ಕೆ ಬೆರಳೆಣಿಕೆಯ ತ್ರಿಕೋನಗಳು ಸಾಕು. ಪೂರ್ವದಲ್ಲಿ 1,800 ಮೀಟರಿಗೂ ಮಿಕ್ಕಿ ಎತ್ತರವಿರುವ ಕುದುರೆಮುಖದ ಏರಿಳಿತಗಳಿಗೆ ಹೆಚ್ಚು ತ್ರಿಕೋನಗಳು ಬೇಕು. ಆದರೆ ಆಟಗಾರನು ಪೊಳಲಿಯಲ್ಲಿ ನಿಂತಿದ್ದರೆ ಕುದುರೆಮುಖ ಸುಮಾರು 40 ಕಿ.ಮೀ. ದೂರದಲ್ಲಿರುತ್ತದೆ. 60 ಡಿಗ್ರಿ ನೋಟವನ್ನು ತೋರಿಸುವ 1,920 ಪಿಕ್ಸೆಲ್ ಅಗಲದ ಪರದೆಯಲ್ಲಿ, ಅಷ್ಟು ದೂರದ 30 ಮೀಟರ್ ಉಬ್ಬುತಗ್ಗು ಒಂದು ಪಿಕ್ಸೆಲ್‌ಗಿಂತ ತುಸು ಹೆಚ್ಚು ಮಾತ್ರ ಕಾಣುತ್ತದೆ. ಅದೇ ಉಬ್ಬು ಒಂದು ಕಿ.ಮೀ. ದೂರದಲ್ಲಿದ್ದರೆ ಸುಮಾರು 50 ಪಿಕ್ಸೆಲ್‌ಗಳನ್ನು ವ್ಯಾಪಿಸುತ್ತದೆ.

ವಿಧಾನಗಳು

ವಿವರಗಳ ಹಂತ: ದೂರ ಹೆಚ್ಚಿದಂತೆ ಸರಳವಾದ ಹೆಣಿಗೆಯನ್ನು ಬಳಸುವುದು. 1976ರಲ್ಲಿ ಜೇಮ್ಸ್ ಎಚ್. ಕ್ಲಾರ್ಕ್ ಈ ಕಲ್ಪನೆಯನ್ನು ವಿವರಿಸಿದರು.

ಕಾಣದ್ದನ್ನು ಕೈಬಿಡುವುದು: ಕ್ಯಾಮೆರಾದ ನೋಟದ ಹೊರಗಿರುವ ಅಥವಾ ಗುಡ್ಡದ ಮರೆಯಲ್ಲಿರುವ ಭಾಗಗಳನ್ನು ಚಿತ್ರಿಸುವುದಿಲ್ಲ.

ನಾರ್ಮಲ್ ಮ್ಯಾಪ್: ಸಣ್ಣ ಉಬ್ಬುತಗ್ಗುಗಳನ್ನು ತ್ರಿಕೋನಗಳ ಬದಲು ನೆರಳು ಬೆಳಕಿನಿಂದ ತೋರಿಸುವುದು.

ಮಿತಿಗಳು

ಭಿನ್ನ ಹಂತಗಳ ಹೆಣಿಗೆಗಳು ಸೇರುವಲ್ಲಿ ಬಿರುಕು ಕಾಣಿಸಬಹುದು. ಅಂಚಿನ ಬಿಂದುಗಳನ್ನು ಒಂದಕ್ಕೊಂದು ಹೊಂದಿಸಿ ಇದನ್ನು ಮುಚ್ಚುತ್ತಾರೆ. ಹಂತ ಬದಲಾಗುವಾಗ ಬೆಟ್ಟದ ಆಕಾರ ಥಟ್ಟನೆ ಜಿಗಿದಂತೆ ತೋರುವುದೂ ಉಂಟು. ಬದಲಾವಣೆಯನ್ನು ಕ್ರಮೇಣ ಮಾಡಿದರೆ ಈ ದೋಷ ತಗ್ಗುತ್ತದೆ. ಬೆಳ್ತಂಗಡಿ ಬಳಿಯ ಜಮಾಲಾಬಾದ್ ಕೋಟೆಯ ಕಡಿದಾದ ಬಂಡೆಯು 30 ಮೀಟರ್ ಅಂತರದ ಮಾಹಿತಿಯಲ್ಲಿ ಇಳಿಜಾರಿನ ಗುಡ್ಡದಂತೆ ಮೃದುವಾಗುತ್ತದೆ. ಒಂದು ಬಿಂದುವಿಗೆ ಒಂದೇ ಎತ್ತರವಿರುವ ಕಾರಣ ಗುಹೆ ಹಾಗೂ ಮುಂಚಾಚಿದ ಬಂಡೆಗಳನ್ನು ಈ ಕ್ರಮದಿಂದ ತೋರಿಸಲಾಗದು. ಅಂತಹವುಗಳನ್ನು ಪ್ರತ್ಯೇಕ ಮಾದರಿಗಳಾಗಿ ರಚಿಸಿ ಸೇರಿಸಲಾಗುತ್ತದೆ.