ಆಟಿಕೆಗಳ ಕಥೆ, ಕೋಟಿಗಳ ಗಳಿಕೆ

ಮನೆಮಂದಿಯೆಲ್ಲ ಕೂಡಿ ಕುಳಿತು ನಿಸ್ಸಂಕೋಚವಾಗಿ ನೋಡಬಹುದಾದ ಚಲನಚಿತ್ರಗಳು ವಿರಳವೆಂಬುದು ಗೃಹಸ್ಥರೆಲ್ಲರ ಅನುಭವ. ಅಂತಹ ಕೃತಿಗಳೂ ಹೇರಳವಾಗಿ ಹಣ ಗಳಿಸಬಲ್ಲವೆಂಬುದಕ್ಕೆ ಅಮೆರಿಕದ ಪಿಕ್ಸಾರ್ ಸಂಸ್ಥೆಯ ‘ಟಾಯ್ ಸ್ಟೋರಿ’ ಚಿತ್ರಮಾಲೆ ನಿದರ್ಶನವಾಗಿದೆ. ಆದರೆ ಆ ಗಳಿಕೆಗಾಗಿ ಅದನ್ನು ನಿರ್ಮಿಸಿದವರ ಮನೆಗಳು ಏನನ್ನು ತೆತ್ತವೆಂಬುದನ್ನೂ ತೂಗಿ ನೋಡುವುದು ಉಚಿತ.

1995ರ ನವೆಂಬರಿನಲ್ಲಿ ತೆರೆಕಂಡ ಮೊದಲ ಚಿತ್ರವು ಆದ್ಯಂತವಾಗಿ ಗಣಕಯಂತ್ರದಲ್ಲಿಯೇ ರೂಪುಗೊಂಡ ಪ್ರಪ್ರಥಮ ಪೂರ್ಣಾವಧಿ ಕಥಾಚಿತ್ರ. ಜಾನ್ ಲ್ಯಾಸೆಟರ್ ನಿರ್ದೇಶಿಸಿದ, ಸುಮಾರು 3 ಕೋಟಿ ಡಾಲರ್ ವೆಚ್ಚದ ಈ ಕೃತಿ ಜಗತ್ತಿನಾದ್ಯಂತ 36 ಕೋಟಿ ಡಾಲರಿಗೂ ಮಿಕ್ಕಿ ಗಳಿಸಿತು. ವೆಚ್ಚ ಭರಿಸಿದ್ದು ಡಿಸ್ನಿ ಸಂಸ್ಥೆಯಾದ್ದರಿಂದ ಲಾಭದ ಸಿಂಹಪಾಲೂ ಅದಕ್ಕೇ ಸಂದಿತು. ಪಿಕ್ಸಾರಿನ ಒಡೆಯರಾದ ಸ್ಟೀವ್ ಜಾಬ್ಸ್ ವ್ಯವಹಾರಚತುರರು. ಚಿತ್ರ ಬಿಡುಗಡೆಯಾದ ವಾರದೊಳಗೆ ಸಂಸ್ಥೆಯ ಶೇರುಗಳನ್ನು ಪೇಟೆಗೆ ಬಿಟ್ಟು ಬಂಡವಾಳ ಕೂಡಿಸಿದರು. 1997ರಲ್ಲಿ ಡಿಸ್ನಿಯೊಡನೆ ಸಮಪಾಲಿನ ಒಪ್ಪಂದ ಮಾಡಿಕೊಂಡರು.

ಎರಡನೆಯ ಚಿತ್ರದ ವೃತ್ತಾಂತವನ್ನು ತುಸು ವಿಸ್ತಾರವಾಗಿಯೇ ಹೇಳಬೇಕು. 1998ರಲ್ಲಿ ಯಾರೋ ತಪ್ಪಿ ನೀಡಿದ ಒಂದು ಆಜ್ಞೆಯಿಂದ ಚಿತ್ರದ ಬಹುಭಾಗ ಗಣಕದಿಂದ ಅಳಿಸಿಹೋಯಿತು. ಕಾಯ್ದಿಟ್ಟ ಪ್ರತಿಯೂ ಕೈಕೊಟ್ಟಿತು. ಗೇಲಿನ್ ಸಸ್ಮನ್ ಎಂಬ ತಂತ್ರಜ್ಞೆ ಆಗ ಹಸುಗೂಸಿನ ನಿಮಿತ್ತ ಮನೆಯಿಂದಲೇ ದುಡಿಯುತ್ತಿದ್ದರು. ಅವರ ಮನೆಯ ಗಣಕದಲ್ಲಿ ಉಳಿದಿದ್ದ ಪ್ರತಿಯನ್ನು ಯಂತ್ರಸಹಿತ ಕಂಬಳಿಯಲ್ಲಿ ಸುತ್ತಿ, ಕಾರಿನಲ್ಲಿ ಜೋಪಾನವಾಗಿ ತಂದರು. ತೊಟ್ಟಿಲ ಪುಣ್ಯದಿಂದ ಚಿತ್ರ ಉಳಿಯಿತೆನ್ನಬೇಕು!

ಅಷ್ಟಾದರೂ ಕಥೆ ಸಪ್ಪೆಯಾಗಿದೆಯೆಂದು ನಿರ್ಮಾಪಕರಿಗೆ ತೋರಿತು. ಬಿಡುಗಡೆಯ ದಿನವನ್ನು ಮುಂದೂಡುವಂತಿರಲಿಲ್ಲ. ಸುಮಾರು ಒಂಬತ್ತು ತಿಂಗಳಲ್ಲಿ ಬಹುತೇಕ ಎಲ್ಲವನ್ನೂ ಹೊಸದಾಗಿ ಕಟ್ಟಿದರು. ಹಗಲಿರುಳೆನ್ನದೆ ದುಡಿದು ಅನೇಕರ ಕೈಗಳು ನೋವಿಗೆ ತುತ್ತಾದವು. ಸಂಸ್ಥೆಯ ಮುಖ್ಯಸ್ಥರಾಗಿದ್ದ ಎಡ್ ಕ್ಯಾಟ್ಮಲ್ 2014ರ ತಮ್ಮ ಗ್ರಂಥದಲ್ಲಿ ದಾಖಲಿಸಿರುವ ಪ್ರಸಂಗವಂತೂ ಎದೆ ನಡುಗಿಸುತ್ತದೆ. ದಣಿದ ಕಲಾವಿದನೊಬ್ಬ ಮಗುವನ್ನು ಶಿಶುವಿಹಾರಕ್ಕೆ ಬಿಡಲು ಹೊರಟವನು ಮರೆತು, ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನಲ್ಲಿಯೇ ಬಿಟ್ಟು ಕೆಲಸಕ್ಕೆ ಕುಳಿತ. ಅಲ್ಲಿಯೇ ಉದ್ಯೋಗದಲ್ಲಿದ್ದ ಪತ್ನಿ ಕೆಲವು ಗಂಟೆಗಳ ನಂತರ ವಿಚಾರಿಸಿದಾಗಲೇ ಅವನಿಗೆ ಅರಿವಾದದ್ದು. ಮೂರ್ಛೆ ಹೋಗಿದ್ದ ಕೂಸಿಗೆ ತಣ್ಣೀರು ಸುರಿದರು, ಕೂಸು ಬದುಕಿತು. 1999ರಲ್ಲಿ ತೆರೆಕಂಡ ಆ ಚಿತ್ರ ಗಳಿಸಿದ್ದು 50 ಕೋಟಿ ಡಾಲರಿಗೆ ಸಮೀಪ. ಅನ್ಯರ ಮಕ್ಕಳನ್ನು ನಗಿಸಲು ಹೊರಟ ಸಂಸ್ಥೆ ತನ್ನವರ ಮಕ್ಕಳನ್ನು ಮರೆಯುವಂತೆ ದುಡಿಸಿದ್ದನ್ನು ಈ ಮೊತ್ತ ಮುಚ್ಚಲಾರದು.

2006ರಲ್ಲಿ ಡಿಸ್ನಿ 740 ಕೋಟಿ ಡಾಲರ್ ಮೌಲ್ಯಕ್ಕೆ ಪಿಕ್ಸಾರನ್ನೇ ಕೊಂಡಿತು. 2010ರ ಮೂರನೆಯ ಚಿತ್ರ 106 ಕೋಟಿ ಡಾಲರ್ ಗಳಿಸಿ, ನೂರು ಕೋಟಿಯ ಗಡಿ ದಾಟಿದ ಮೊದಲ ಅನಿಮೇಷನ್ ಚಿತ್ರವೆನಿಸಿತು. ಕಾರಣ ಸ್ಪಷ್ಟವಿದೆ. ಗೊಂಬೆಗಳ ಒಡೆಯನಾದ ಬಾಲಕ ಆ್ಯಂಡಿ ಈಗ ಕಾಲೇಜಿಗೆ ಹೊರಟು ನಿಂತಿದ್ದಾನೆ. ಮೊದಲ ಚಿತ್ರ ಕಂಡ ಮಕ್ಕಳೂ ಅವನಂತೆಯೇ ಬೆಳೆದಿದ್ದರು. ಮಗನ ಬರಿದಾದ ಕೋಣೆಯಲ್ಲಿ ನಿಂತ ತಾಯಿಯ ದುಃಖವನ್ನು ಯಾವ ದೇಶದ ತಾಯಿಗೂ ವಿವರಿಸಬೇಕಾಗಿಲ್ಲ. ಹಳೆಯ ಆಟಿಕೆಯ ಮೇಲಣ ಮಮತೆಯನ್ನು ಸಾರುವ ಈ ಚಿತ್ರಗಳೇ ಹೊಸ ಆಟಿಕೆಗಳ ರಾಶಿಯನ್ನು ಮಾರಿಸಿದ ವಿಚಿತ್ರವನ್ನು ಮಾತ್ರ ತಂದೆಯರ ಕಿಸೆಗಳು ಬಲ್ಲವು. 2019ರ ನಾಲ್ಕನೆಯ ಚಿತ್ರವೂ 107 ಕೋಟಿ ಡಾಲರ್ ತಂದಿತು.

2022ರಲ್ಲಿ ಇದೇ ಮಾಲೆಯ ಗಗನಯಾತ್ರಿ ಗೊಂಬೆಯ ಹೆಸರಿನಲ್ಲಿ ‘ಲೈಟ್‌ಇಯರ್’ ಬಂದಿತು. ಹೆಸರಿತ್ತು, ತಂತ್ರವಿತ್ತು, ಮನೆಯಿರಲಿಲ್ಲ, ಬೆಳೆಯುವ ಬಾಲಕನಿರಲಿಲ್ಲ. ಸುಮಾರು 20 ಕೋಟಿ ಡಾಲರ್ ವೆಚ್ಚಕ್ಕೆ ಪ್ರತಿಯಾಗಿ 22 ಕೋಟಿಯಷ್ಟು ಗಳಿಕೆ. ಚಿತ್ರಮಂದಿರಗಳ ಪಾಲನ್ನು ಕಳೆದರೆ ನಷ್ಟವೇ. 2023ರಲ್ಲಿ ಪಿಕ್ಸಾರ್ ಸುಮಾರು 75 ಮಂದಿಯನ್ನು ಕೆಲಸದಿಂದ ತೆಗೆಯಿತು. ಅವರಲ್ಲಿ ‘ಲೈಟ್‌ಇಯರ್’ನ ನಿರ್ಮಾಪಕಿಯೂ ಒಬ್ಬರು: ಹಿಂದೊಮ್ಮೆ ತಮ್ಮ ಮನೆಯ ಗಣಕವನ್ನು ಕಂಬಳಿಯಲ್ಲಿ ಸುತ್ತಿ ತಂದಿದ್ದ ಗೇಲಿನ್ ಸಸ್ಮನ್.