ಠಾಣೆಗೆ ಹೋದ ಕತ್ತಿ ವಾಪಸ್ ಬರಲಿಲ್ಲ

1945ರ ಡಿಸೆಂಬರ್. ಟೋಕಿಯೋ ನಗರ. ಯುದ್ಧದಲ್ಲಿ ಜಪಾನ್ ಶರಣಾಗಿ ನಾಲ್ಕು ತಿಂಗಳಾಗಿದೆ. ಎಲ್ಲೆಲ್ಲೂ ಅಮೆರಿಕನ್ ಸೇನೆಯದ್ದೇ ದರ್ಬಾರು. ಮನೆಯಲ್ಲಿರೋ ಆಯುಧಗಳನ್ನೆಲ್ಲ ತಂದು ಒಪ್ಪಿಸಿ ಅಂತ ಆದೇಶ. ಮೆಜಿರೋ ಅನ್ನೋ ಬಡಾವಣೆಯ ಪೊಲೀಸ್ ಠಾಣೆಗೆ ತೊಕುಗಾವಾ ಮನೆತನದ ಕತ್ತಿಗಳು ಬಂದವು. ಎರಡೂವರೆ ಶತಮಾನಕ್ಕೂ ಹೆಚ್ಚು ಕಾಲ ಜಪಾನನ್ನು ಆಳಿದ ಮನೆತನ ಅದು. ಆ ಕತ್ತಿಗಳ ಪೈಕಿ ಒಂದು 'ಹೊಂಜೋ ಮಾಸಾಮುನೆ'. 1939ರಲ್ಲೇ ಅದನ್ನು ರಾಷ್ಟ್ರೀಯ ನಿಧಿ ಅಂತ ಘೋಷಿಸಿದ್ದರು. 1946ರ ಜನವರಿಯಲ್ಲಿ ಠಾಣೆಯವರು ಅಮೆರಿಕನ್ ಸೈನಿಕನೊಬ್ಬನ ಕೈಗೆ ಕೊಟ್ಟರು ಅನ್ನೋವರೆಗೆ ಕಥೆ ಗೊತ್ತು. ಆಮೇಲೆ? ಇವತ್ತಿನವರೆಗೂ ಪತ್ತೆ ಇಲ್ಲ.

ಒಂದು ಕತ್ತಿ ಹೋದರೆ ಏನು ಮಹಾ ಅಂತೀರಾ? ಹಾಗಾದರೆ ಅಂಥ ಕತ್ತಿಯನ್ನು ನೋಡೋದು ಹೇಗೆ ಅಂತ ಮೊದಲು ತಿಳ್ಕೋಬೇಕು.

ಸಿನಿಮಾದಲ್ಲಿ ನಮ್ಮ ಕಣ್ಣು ಹೋಗೋದು ಹಿಡಿಯ ಮೇಲೆ, ಒರೆಯ ಮೇಲೆ. ಬಲ್ಲವರು ಆ ಹಿಡಿಯನ್ನೇ ಕಳಚಿ ಪಕ್ಕಕ್ಕಿಡುತ್ತಾರೆ! ಬಿದಿರಿನ ಒಂದು ಪುಟ್ಟ ಗೂಟ ತೆಗೆದರೆ ಸಾಕು, ಹಿಡಿ ಬಿಟ್ಟುಕೊಳ್ಳುತ್ತೆ. ಅಲಗನ್ನು ಬರಿಗೈಲಿ ಮುಟ್ಟುವ ಹಾಗಿಲ್ಲ. ಅದರ ಹತ್ತಿರ ಮಾತೂ ಆಡುವ ಹಾಗಿಲ್ಲ, ಉಸಿರಿನ ತೇವಕ್ಕೇ ತುಕ್ಕು ಹಿಡಿಯುತ್ತೆ. ದೀಪದ ಬೆಳಕಿಗೆ ಓರೆಯಾಗಿ ಹಿಡಿದು, ನಿಧಾನಕ್ಕೆ ತಿರುಗಿಸುತ್ತಾ ನೋಡಬೇಕು.

ಏನು ಕಾಣುತ್ತೆ? ಉಕ್ಕಿನ ಮೈಯಲ್ಲಿ ಮರದ ಹಲಗೆಯ ಮೇಲಿರುವಂಥ ಗೆರೆಗಳು. ಅದನ್ನು ಯಾರೂ ಕೊರೆದದ್ದಲ್ಲ. ಕಬ್ಬಿಣದ ಮರಳು ಮತ್ತು ಇದ್ದಿಲನ್ನು ಮಣ್ಣಿನ ಕುಲುಮೆಯಲ್ಲಿ ಮೂರು ಹಗಲು ಮೂರು ರಾತ್ರಿ ಉರಿಸಿದರೆ 'ತಮಹಗಾನೆ' ಅನ್ನೋ ಉಕ್ಕು ಸಿಗುತ್ತೆ. ಕಮ್ಮಾರ ಅದನ್ನು ಒಡೆದು, ಒಳ್ಳೆಯ ಚೂರುಗಳನ್ನು ಆರಿಸಿ, ಕಾಯಿಸಿ, ಬಡಿದು, ಪರೋಟ ಹಿಟ್ಟಿನ ಹಾಗೆ ಮತ್ತೆ ಮತ್ತೆ ಮಡಚುತ್ತಾನೆ. ಹದಿನೈದು ಸಲ ಮಡಚಿದರೆ ಲೆಕ್ಕಕ್ಕೆ 32,768 ಪದರ! ಹೀಗೆ ಮಡಚೋದು ಶೋಕಿಗಲ್ಲ. ಕಿಟ್ಟ ಹೊರಗೆ ಹೋಗಬೇಕು, ಉಕ್ಕು ಒಂದೇ ಹದಕ್ಕೆ ಬರಬೇಕು. (ನಮ್ಮ ಕಡೆಯ ಉಕ್ಕಿನ ದಾರಿಯೇ ಬೇರೆ, ಮೂಸೆಯಲ್ಲಿ ಕರಗಿಸಿ ಮಾಡ್ತಿದ್ದದ್ದು. ಇಂಗ್ಲಿಷಿನವರು 'ವೂಟ್ಸ್' ಅಂದಿದ್ದು ಈ 'ಉಕ್ಕು' ಪದವನ್ನೇ ಅಂತ ಹೇಳ್ತಾರೆ. ಅದು ಇನ್ನೊಂದು ದಿನದ ಮಾತು.)

ಇನ್ನು ಅಂಚಿನ ಉದ್ದಕ್ಕೂ ಮಂಜು ಕವಿದಂಥ ಒಂದು ಬಿಳಿ ಗೆರೆ. ಇದರ ಹೆಸರು 'ಹಮೋನ್'. ಕಮ್ಮಾರ ಅಲಗಿನ ಬೆನ್ನಿಗೆ ದಪ್ಪಗೆ, ಬಾಯಿಗೆ ತೆಳ್ಳಗೆ ಜೇಡಿಮಣ್ಣು ಬಳಿಯುತ್ತಾನೆ. ಕುಲುಮೆಮನೆಯನ್ನು ಕತ್ತಲೆ ಮಾಡಿಕೊಂಡು ಕಾಯಿಸುತ್ತಾನೆ. ಯಾಕೆ ಕತ್ತಲೆ? ಕೆಂಪಿನ ಬಣ್ಣ ನೋಡಿಯೇ ಶಾಖ ಅಳೆಯಬೇಕಲ್ಲ! ಆಮೇಲೆ ಒಮ್ಮೆಲೇ ನೀರಿಗೆ. ಮಣ್ಣು ತೆಳುವಾಗಿರೋ ಬಾಯಿ ತಕ್ಷಣ ತಣ್ಣಗಾಗಿ ಗಟ್ಟಿಯಾಗುತ್ತೆ. ಬೆನ್ನು ನಿಧಾನಕ್ಕೆ ಆರಿ ಬಾಗುವ ಗುಣ ಉಳಿಸಿಕೊಳ್ಳುತ್ತೆ. ಇವೆರಡರ ಗಡಿಯೇ ಆ ಬಿಳಿ ಗೆರೆ. ಕತ್ತಿಗೆ ಬಾಗು ಬರೋದರಲ್ಲೂ ಈ ನೀರಿನ ಪಾಲು ದೊಡ್ಡದು. ಬಿರುಕು ಬಿಟ್ಟಿತೋ, ಅಷ್ಟು ದಿನದ ದುಡಿಮೆ ಕ್ಷಣದಲ್ಲಿ ನೀರುಪಾಲು.

ಕೊನೆಗೆ, ಹಿಡಿಯೊಳಗೆ ಮುಚ್ಚಿಹೋಗಿರೋ ತುದಿ. ಅದು ಪೂರ್ತಿ ತುಕ್ಕು! ಹಿತ್ತಾಳೆ ಚೊಂಬಿಗೆ ಹುಣಸೆಹಣ್ಣು ಹಾಕಿ ತಿಕ್ಕಿದ ಹಾಗೆ ಇದನ್ನು ತಿಕ್ಕಿದಿರೋ, ಕೆಟ್ಟಿತು. ಕತ್ತಿಯ ವಯಸ್ಸು ಹೇಳೋದರಲ್ಲಿ ಆ ತುಕ್ಕಿನ ಬಣ್ಣವೂ ಒಂದು ಸಾಕ್ಷಿ. ಕಮ್ಮಾರನ ಹೆಸರೂ ಅಲ್ಲೇ ಇರುತ್ತೆ, ಇದ್ದರೆ. ಮಾಸಾಮುನೆ ಹೆಸರು ಕೆತ್ತಿದ್ದೇ ಅಪರೂಪ. ಸುಮಾರು ಏಳುನೂರು ವರ್ಷದ ಹಿಂದಿನ ಆ ಕಮ್ಮಾರನ ಕೈ ಗುರುತಿಸಬೇಕಾದ್ದು ಉಕ್ಕಿನಲ್ಲೇ, ಹಮೋನ್ ಅಂಚಿನಲ್ಲಿ ನಕ್ಷತ್ರ ಚೆಲ್ಲಿದ ಹಾಗೆ ಮಿನುಗುವ ಕಣಗಳಲ್ಲಿ.

ಈಗ ಹೇಳಿ, ಠಾಣೆಯಲ್ಲಿ ರಾಶಿ ಬಿದ್ದ ಕತ್ತಿಗಳಲ್ಲಿ ಯಾವುದು ಯಾವುದು ಅಂತ ಪರದೇಶದ ಸೈನಿಕನಿಗೆ ಹೇಗೆ ಗೊತ್ತಾಗಬೇಕು? ಎಷ್ಟೋ ಕತ್ತಿಗಳು ನಾಶವಾದವು, ಎಷ್ಟೋ ಕತ್ತಿಗಳು ನೆನಪಿನ ಕಾಣಿಕೆಯಾಗಿ ಹಡಗು ಹತ್ತಿದವು. ಆಗ ಹೊಮ್ಮಾ ಜುಂಜಿ ಅನ್ನೋ ವಿದ್ವಾಂಸರು ಅಮೆರಿಕನ್ ಕರ್ನಲ್ ಕ್ಯಾಡ್ವೆಲ್ ಮುಂದೆ ಹಳೆಯ ಕತ್ತಿಗಳನ್ನಿಟ್ಟು, ಇದನ್ನು ಆಯುಧ ಅಂತ ಮಾತ್ರ ನೋಡಬೇಡಿ ಅಂತ ವಿವರಿಸಿದರು. ಆ ಅಧಿಕಾರಿ ಒಪ್ಪಿದರು ಅನ್ನೋದೇ ದೊಡ್ಡ ವಿಷಯ. ಗೆದ್ದವರು ಸೋತವರ ಮಾತು ಕೇಳೋದು ಅಪರೂಪ ಸ್ವಾಮಿ! ಕಲಾಕೃತಿ ಅನ್ನಿಸಿಕೊಂಡ ಕತ್ತಿಗಳಿಗೆ ವಿನಾಯಿತಿ ಸಿಕ್ಕಿತು. ಇವತ್ತಿಗೂ ಜಪಾನಿನಲ್ಲಿ ಇಂಥ ಕತ್ತಿ ಇಟ್ಟುಕೊಳ್ಳೋಕೆ ಕಲಾವಸ್ತು ಅಂತ ನೋಂದಣಿ ಆಗಿರಬೇಕು.

ಹೊಂಜೋ ಮಾಸಾಮುನೆಗೆ ಆ ಭಾಗ್ಯ ಸಿಗಲಿಲ್ಲ. ಆದರೆ ಹಾಗೇ ಕಾಣೆಯಾಗಿದ್ದ ಇನ್ನೊಂದು ರಾಷ್ಟ್ರೀಯ ನಿಧಿ, ಕಾಗೊಶಿಮಾ ಊರಿನ ತೆರುಕುನಿ ದೇವಾಲಯದ ಕುನಿಮುನೆ ಕತ್ತಿ, ಅಮೆರಿಕದಲ್ಲಿ ವಾಲ್ಟರ್ ಕಾಂಪ್ಟನ್ ಅನ್ನೋ ಸಂಗ್ರಾಹಕರ ಕೈ ಸೇರಿತ್ತು. ತನ್ನ ಹತ್ತಿರ ಇರೋದು ಏನು ಅಂತ ಅವರಿಗೆ ಗೊತ್ತಾಯಿತು. 1960ರ ದಶಕದಲ್ಲಿ ಒಂದು ಪೈಸೆ ತಗೊಳ್ಳದೆ ಅದನ್ನು ದೇವಾಲಯಕ್ಕೆ ವಾಪಸ್ ಕೊಟ್ಟರು.