ಗಿರಾಕಿಗಳು ಊಟಕ್ಕೆ ಬಂದ ದಿನ: ವಾಪಸ್ ಬಂದ ಏಲಕ್ಕಿ ಬಾಳೆಯ ರಸಾಯನ



ಕಳೆದ ಶನಿವಾರ ಮಧ್ಯಾಹ್ನ ಮೂರು ಗಂಟೆ. ಬಿಳೇಕಹಳ್ಳಿಯ ಅಕ್ಕನ ಮನೆಯ ಅಡುಗೆಮನೆಯಲ್ಲಿ ನಿಂತಿದ್ದೆ. ಎದುರಿಗೆ ಒಂದು ಕ್ರೇಟ್ ಏಲಕ್ಕಿ ಬಾಳೆಹಣ್ಣು. ಮಾರೋಕೆ ತಂದದ್ದಲ್ಲ, ವಾಪಸ್ ಬಂದದ್ದು.

ಹಾರೋಹಳ್ಳಿ ಕಡೆ ನಮ್ಮದು ಎರಡು ಎಕರೆ ಸಾವಯವ ತೋಟ. ಪ್ರತಿ ಗುರುವಾರ ಅಕ್ಕನ ಮನೆಗೆ ಬುಟ್ಟಿಗಳನ್ನು ತಂದಿಡ್ತೀನಿ. ಹತ್ತಿರದ ಅಪಾರ್ಟ್‌ಮೆಂಟಿನವರು ಬಂದು ತಗೊಂಡು ಹೋಗ್ತಾರೆ. ಈ ಸಲ ಶುಕ್ರವಾರ ರಾತ್ರಿ ವಾಟ್ಸಾಪ್ ಗ್ರೂಪಿಗೆ ಒಂದು ಫೋಟೊ ಬಂತು. ಸಿಪ್ಪೆ ತುಂಬಾ ಕಂದು ಚುಕ್ಕೆ ಇರುವ ನಮ್ಮ ಬಾಳೆಹಣ್ಣು. ಕೆಳಗೆ, 'ಹಣ್ಣು ಹಾಳಾಗಿದೆ, ವಾಪಸ್ ತಗೊಳ್ಳಿ.' ಬೆಳಗಾಗುವಷ್ಟರಲ್ಲಿ ಇನ್ನೂ ಮೂರು ಮನೆಯಿಂದ ಹಣ್ಣು ಬಂದಿತ್ತು.

ಕಷ್ಟ ಏನಪ್ಪಾ ಅಂದ್ರೆ, ಅವತ್ತು ರಾತ್ರಿ ಅವರನ್ನೇ ಊಟಕ್ಕೆ ಕರೆದಿದ್ದೆ. ಹನಿ ನೀರಾವರಿ ಪೈಪ್ ಬದಲಾಯಿಸೋಕೆ ದುಡ್ಡು ಬೇಕಿತ್ತು. ಮೂರು ತಿಂಗಳ ಬುಟ್ಟಿಗೆ ಮುಂಗಡ ಕೊಡ್ತೀರಾ ಅಂತ ಕೇಳೋ ಯೋಚನೆ. ಒಟ್ಟು ಹತ್ತು ಜನ.

"ಸಿಹಿ ಏನೋ ಮಾಡ್ತೀಯ?" ಅಂದ್ಲು ಅಕ್ಕ. "ಐಸ್‌ಕ್ರೀಮ್ ತಂದ್ಬಿಡು, ತಲೆನೋವಿಲ್ಲ." ನನ್ನ ತಲೆಯಲ್ಲಿದ್ದದ್ದು ಕ್ಯಾರೆಟ್ ಹಲ್ವ. ಅದಕ್ಕೆ ಗಂಟೆಗಟ್ಟಲೆ ಒಲೆ ಮುಂದೆ ನಿಲ್ಲಬೇಕು. ಹಾಲು, ತುಪ್ಪ ಅಂಗಡಿಯದು. ತೋಟದವನ ಮನೆ ಊಟದಲ್ಲಿ ತೋಟದ್ದೇ ಕಡಿಮೆ ಆಗ್ತಿತ್ತು.

ಕೊನೆಗೆ ನನಗೆ ನಾನೇ ಮೂರು ಪ್ರಶ್ನೆ ಕೇಳಿಕೊಂಡೆ. ನಿಮಗೂ ಉಪಯೋಗಕ್ಕೆ ಬರಬಹುದು.

1. ಇವತ್ತು ನಮ್ಮ ಹತ್ತಿರ ಚೆನ್ನಾಗಿ ಹಣ್ಣಾಗಿರೋದು ಯಾವುದು?
2. ಬಂದವರ ಜೊತೆ ಕೂತು ಮಾತಾಡೋಕೆ ಬಿಡುವು ಸಿಗುತ್ತಾ, ಇಲ್ಲ ಒಲೆ ಮುಂದೇ ಇರಬೇಕಾ?
3. ಇದನ್ನು ತಿನ್ನಲಾಗದವರು ಯಾರಾದರೂ ಇದ್ದಾರಾ?

ಮೊದಲ ಪ್ರಶ್ನೆಗೆ ಉತ್ತರ ಕ್ರೇಟಿನಲ್ಲೇ ಇತ್ತು. ರಾಮನವಮಿಗೆ ಅಮ್ಮ ಮಾಡೋ ಬಾಳೆಹಣ್ಣಿನ ರಸಾಯನ.

ಚುಕ್ಕೆ ಬಿದ್ದರೆ ಹಾಳಾಯ್ತಾ?

ಬಾಳೆ ಮಾಗುವಾಗ ಕಾಯಲ್ಲಿರುವ ಪಿಷ್ಟ ಸಕ್ಕರೆಯಾಗುತ್ತೆ. ಸಿಪ್ಪೆಯಲ್ಲಿ ಸಣ್ಣ ಕಂದು ಚುಕ್ಕೆ ಕಾಣುವ ಹೊತ್ತಿಗೆ ಹಣ್ಣು ಪೂರ್ತಿ ಸಿಹಿ. ಸಿಪ್ಪೆ ಒಡೆದಿದ್ದರೆ, ಹುಳಿ ವಾಸನೆ ಬಂದರೆ, ನೀರು ಸೋರಿದರೆ ಮಾತ್ರ ಎಸೆಯಿರಿ.

ಆದರೆ ಕ್ರೇಟಿನಲ್ಲಿ ಕೆಲವು ಚಿಪ್ಪು ಪೂರ್ತಿ ಕಪ್ಪಾಗಿದ್ದವು. ವಿಚಾರಿಸಿದರೆ ಫ್ರಿಡ್ಜ್‌ನಲ್ಲಿ ಇಟ್ಟಿದ್ದರಂತೆ. 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಾಳೆಗೆ ಶೀತದ ಪೆಟ್ಟು ಬಿದ್ದು ಸಿಪ್ಪೆ ಕಪ್ಪಾಗುತ್ತೆ. ತೋಟಗಾರಿಕೆ ಓದಿದ ನನಗೆ ಇದು ಗೊತ್ತು. ಗಿರಾಕಿಗೆ ಹೇಳಿರಲಿಲ್ಲ. ಸಾಲದ್ದಕ್ಕೆ, ಭತ್ತದ ಹುಲ್ಲಿನಲ್ಲಿ ಅಡೆ ಹಾಕಿದ ಗೊನೆಗಳನ್ನೆಲ್ಲ ಒಂದೇ ಹದದಲ್ಲಿ ಕಳಿಸಿದ್ದೆ. ವಾರದ ಹಣ್ಣು ಒಂದೇ ದಿನ ಮಾಗಿದರೆ ಯಾರು ತಿಂದಾರು? ತಪ್ಪು ನನ್ನದೇ.

ಇನ್ನೊಂದು ಮಾತು. 'ಅಂಗಡಿ ಹಣ್ಣು ಹಳದಿಯಾಗಿದೆ ಅಂದ್ರೆ ಕಾರ್ಬೈಡ್' ಅಂತ ಹೇಳಿ ನಮ್ಮದನ್ನು ಮಾರಬೇಡಿ. ಕ್ಯಾಲ್ಸಿಯಂ ಕಾರ್ಬೈಡ್‌ನಿಂದ ಹಣ್ಣು ಮಾಗಿಸೋದಕ್ಕೆ ಆಹಾರ ಸುರಕ್ಷತೆಯ 2011ರ ನಿಯಮಗಳಲ್ಲಿ ನಿಷೇಧ ಇದೆ. ಎಥಿಲೀನ್ ಅನಿಲವನ್ನು 100 ಪಿಪಿಎಂವರೆಗೆ ಬಳಸಲು ಅನುಮತಿ ಇದೆ. ಬರೀ ಬಣ್ಣ ನೋಡಿ ಯಾವುದು ಅಂತ ಹೇಳೋಕಾಗಲ್ಲ.

ಹತ್ತು ಜನಕ್ಕೆ ಅಳತೆ

• ಚುಕ್ಕೆ ಬಿದ್ದ ಏಲಕ್ಕಿ ಬಾಳೆಹಣ್ಣು: 20
• ತೆಂಗಿನಕಾಯಿ: 2
• ಪುಡಿ ಮಾಡಿದ ಬೆಲ್ಲ: 150ರಿಂದ 200 ಗ್ರಾಂ
• ಏಲಕ್ಕಿ: 6, ಚಿಟಿಕೆ ಉಪ್ಪು, ಒಂದು ಚಮಚ ಹುರಿದ ಎಳ್ಳು

ಬೆಲ್ಲವನ್ನು ಅರ್ಧ ಲೋಟ ನೀರಲ್ಲಿ ಕರಗಿಸಿ, ಸೋಸಿ, ಪೂರ್ತಿ ಆರಲು ಬಿಡಿ. ಒಲೆ ಕೆಲಸ ಇಷ್ಟೇ. ತೆಂಗಿನತುರಿಗೆ ಉಗುರುಬೆಚ್ಚಗಿನ ನೀರು ಹಾಕಿ ರುಬ್ಬಿ, ಬಟ್ಟೆಯಲ್ಲಿ ಹಿಂಡಿ ಗಟ್ಟಿ ಹಾಲು ತೆಗೆಯಿರಿ. ಆರಿದ ಬೆಲ್ಲದ ನೀರಿಗೆ ಹಾಲು, ಏಲಕ್ಕಿ ಪುಡಿ, ಉಪ್ಪು ಸೇರಿಸಿ. ಬೆಲ್ಲ ಬಿಸಿ ಇದ್ದರೆ ಹಾಲು ಒಡೆಯಬಹುದು, ಅವಸರ ಬೇಡ. ಹಣ್ಣನ್ನು ಮಾತ್ರ ಬಡಿಸುವ ಅರ್ಧ ಗಂಟೆ ಮೊದಲು ನೇರವಾಗಿ ಹಾಲಿನೊಳಕ್ಕೇ ಹೆಚ್ಚಿ ಹಾಕಿ. ಗಾಳಿ ತಾಗದಿದ್ದರೆ ಹಣ್ಣು ಬೇಗ ಕಪ್ಪಾಗಲ್ಲ. ಮೇಲೆ ಎಳ್ಳು ಉದುರಿಸಿ. ತೆಂಗಿನ ಹಾಲು ಬೇಗ ಹುಳಿಯಾಗುತ್ತೆ, ಅವತ್ತೇ ಖಾಲಿ ಮಾಡಿ.

ರಾತ್ರಿ ಆದದ್ದು

ಊಟ ಮುಗೀತು. ಬಡಿಸುವ ಮೊದಲೇ ಹೇಳಿಬಿಟ್ಟೆ. "ಇದು ನೀವು ವಾಪಸ್ ಕೊಟ್ಟ ಹಣ್ಣೇ. ಸಿಪ್ಪೆ ಒಡೆಯದ್ದನ್ನು ಆರಿಸಿ ಮಾಡಿದ್ದೀನಿ. ಬೇಡ ಅನ್ನಿಸಿದ್ರೆ ಸೀಬೆಹಣ್ಣು ಇದೆ."

ಯಾರೂ ಮಾತಾಡಲಿಲ್ಲ. ಅಕ್ಕ ನನ್ನನ್ನು ನುಂಗೋ ಹಾಗೆ ನೋಡಿದ್ಲು. ಒಬ್ಬ ಹಿರಿಯರು ಬಟ್ಟಲು ಕೈಗೆ ತಗೊಂಡು ಕೇಳಿದ್ರು. "ಬೆಲ್ಲ ಅಲ್ವೇನಪ್ಪಾ? ಶುಗರ್ ಇರೋರೂ ತಿನ್ನಬಹುದು ತಾನೇ?"

ಹೂಂ ಅಂದಿದ್ರೆ ಅವರಿಗೂ ಖುಷಿ, ನನಗೂ ಬುಟ್ಟಿ ಜೊತೆ ಎರಡು ಕೆಜಿ ಬೆಲ್ಲದ ಆರ್ಡರ್. ಎಷ್ಟೋ ಮಂದಿ ಹಾಗೆ ಹೇಳೇ ಮಾರ್ತಾರೆ. ಬೆಲ್ಲದಲ್ಲೂ ಹೆಚ್ಚಿನ ಪಾಲು ಸಕ್ಕರೆಯೇ, ಸಾವಯವ ಆದ್ರೂ ಅಷ್ಟೇ. "ಇಲ್ಲ ಸಾರ್, ಇದೂ ಶುಗರ್ ಏರಿಸುತ್ತೆ" ಅಂದೆ. ಅವರು ನಕ್ಕು ಬಟ್ಟಲು ಕೆಳಗಿಟ್ಟು, ಒಂದೆರಡು ಹೋಳು ಸೀಬೆ ತಗೊಂಡ್ರು. ಆಮೇಲೆ ತಮ್ಮ ಬಟ್ಟಲನ್ನು ಪಕ್ಕದಲ್ಲಿದ್ದ ಮೊಮ್ಮಗಳಿಗೆ ದಾಟಿಸಿದ್ರು. ಅವಳು ಎರಡನೇ ಸಲವೂ ಹಾಕಿಸಿಕೊಂಡ್ಲು.

ಮುಂಗಡ ಕೊಟ್ಟವರಲ್ಲಿ ಆ ಹಿರಿಯರೇ ಮೊದಲಿಗರು. ಒಟ್ಟು ನಾಲ್ಕು ಮನೆ ಒಪ್ಪಿಕೊಂಡಿವೆ. ಪೈಪಿಗೆ ಪೂರ್ತಿ ಸಾಲದು, ಅರ್ಧ ತೋಟಕ್ಕಾಗುತ್ತೆ. ಫೋಟೊ ಹಾಕಿದ ಮೇಡಂ ಇನ್ನೂ 'ನೋಡೋಣ' ಅಂತಿದ್ದಾರೆ. ಆದರೆ ಭಾನುವಾರ ಬೆಳಿಗ್ಗೆ ಅದೇ ಗ್ರೂಪಿನಲ್ಲಿ ಅವರೇ ಕೇಳಿದ್ರು, 'ರಸಾಯನಕ್ಕೆ ಬೆಲ್ಲ ಎಷ್ಟು ಹಾಕಿದ್ರಿ?'

ಈ ಗುರುವಾರದಿಂದ ಪ್ರತಿ ಬುಟ್ಟಿಯಲ್ಲೂ ಮೂರು ಹದದ ಹಣ್ಣು ಇಡ್ತಿದ್ದೀನಿ: ಇವತ್ತಿಗೆ, ನಾಳಿದ್ದಿಗೆ, ಭಾನುವಾರಕ್ಕೆ. ಜೊತೆಗೊಂದು ಚೀಟಿ: 'ಫ್ರಿಡ್ಜ್‌ನಲ್ಲಿ ಇಡಬೇಡಿ. ಚುಕ್ಕೆ ಬಿದ್ದರೆ ರಸಾಯನ ಮಾಡಿ.' ನೀವೂ ನೇರ ಮಾರಾಟ ಮಾಡ್ತಿದ್ರೆ ಇಂಥದ್ದೊಂದು ಚೀಟಿ ಬರೆದಿಡಿ. ವರ್ಷಕ್ಕೊಮ್ಮೆ ಗಿರಾಕಿಗಳನ್ನು ಊಟಕ್ಕೂ ಕರೀರಿ. ಸಿಹಿ ಮಾತ್ರ ನಿಮ್ಮ ತೋಟದ್ದೇ ಇರಲಿ.